ಗೋಡೆಯ ಬುಡದಲ್ಲಿ ನೀರು

ಸವಣೂರು ಸೀಮೆಯ ಎರೆ ನೆಲದಲ್ಲಿ ಹಳೆಯ ಮನೆಗಳ ಬುನಾದಿ ಏಕೆ ಕೆಡುತ್ತದೆ? ಕೆಟ್ಟಿದ್ದನ್ನು ಉಳಿಸಿಕೊಳ್ಳುವುದು ಹೇಗೆ?

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ಸವಣೂರು ತಾಲ್ಲೂಕಿನ ಹತ್ತಿಮತ್ತೂರು ಸೀಮೆಯ ಎರೆ ಹೊಲಗಳು ಬಾಯಿ ಬಿಡುತ್ತವೆ. ಯುಗಾದಿ ಹೊತ್ತಿಗೆ ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಬೇಸಿಗೆ ಬಲಿತಾಗ ಇಳಿಬಿಟ್ಟ ಕೋಲು ಮೊಳಕ್ಕೂ ಹೆಚ್ಚು ಒಳಗೆ ಹೋಗುತ್ತದೆ. ರೋಹಿಣಿ, ಮೃಗಶಿರಾ ಮಳೆ ಸುರಿದ ಮೇಲೆ ಅದೇ ನೆಲ ಉಬ್ಬಿ, ಬಿರುಕೆಲ್ಲ ಕೂಡಿಕೊಂಡು, ಕಾಲಿಗೆ ಮೆತ್ತುವ ಕರಿ ಕೆಸರಾಗುತ್ತದೆ. ಹತ್ತಿ, ಜೋಳ, ಕಡಲೆ ಬೆಳೆಯುವ ರೈತನಿಗೆ ಈ ಏರಿಳಿತ ವರವೇ ಸರಿ. ಮುಂಗಾರಿನಲ್ಲಿ ಹೀರಿಕೊಂಡ ನೀರನ್ನು ಎರೆ ಭೂಮಿ ಹಿಡಿದಿಟ್ಟುಕೊಂಡು ಹಿಂಗಾರಿ ಪೈರಿಗೆ ಕೊಡುತ್ತದೆ.

ಆದರೆ ಅದೇ ನೆಲದ ಮೇಲೆ ಮನೆಯೂ ನಿಂತಿದೆ. ನೆಲ ಉಬ್ಬಿದಾಗ ಬುನಾದಿ ಏರುತ್ತದೆ, ಕುಗ್ಗಿದಾಗ ಇಳಿಯುತ್ತದೆ. ಒಂದು ಮೂಲೆ ಏರಿ ಇನ್ನೊಂದು ಮೂಲೆ ಇಳಿದರೆ ನಡುವಿನ ಗೋಡೆ ಸೀಳುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಪಡಸಾಲೆಯ ಗೋಡೆಯನ್ನು ದಾಟುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಂಡು ಬೇಸಿಗೆಯಲ್ಲಿ ಮತ್ತೆ ಸಡಿಲಾಗುತ್ತದೆ. ಸವಣೂರು, ಶಿಗ್ಗಾಂವಿಯ ಎರೆ ಊರುಗಳ ಯಾವ ಓಣಿಯಲ್ಲಿ ಅಡ್ಡಾಡಿದರೂ ಇಂಥ ಗೋಡೆಗಳು ಕಾಣುತ್ತವೆ. ಹೆಚ್ಚಿನ ಮನೆಗಳಲ್ಲಿ ಆ ಬಿರುಕಿಗೆ ಸಿಮೆಂಟ್ ತುಂಬಿ, ಮೇಲೆ ಡಿಸ್ಟೆಂಪರ್ ಬಳಿದಿರುತ್ತಾರೆ. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಪಕ್ಕದಲ್ಲೇ ಮತ್ತೆ ತೆರೆದುಕೊಂಡಿರುತ್ತದೆ. ಕೆಟ್ಟದ್ದು ಬುಡದಲ್ಲಿ, ಮದ್ದು ಹಚ್ಚಿದ್ದು ಮೈಮೇಲೆ.

ಈ ನೆಲದಲ್ಲಿ ಜನ ಇಂದು ನಿನ್ನೆ ಮನೆ ಕಟ್ಟಿದವರಲ್ಲ. ಹತ್ತಿಮತ್ತೂರಿನಲ್ಲಿ ರಾಷ್ಟ್ರಕೂಟ ದೊರೆ ಒಂದನೇ ಕೃಷ್ಣನ ಕಾಲದ, ಅಂದರೆ 8ನೇ ಶತಮಾನದ ಶಾಸನ ಸಿಕ್ಕಿದೆ, ಜೆ.ಎಫ್. ಫ್ಲೀಟ್ ಅದನ್ನು ಓದಿ ಪ್ರಕಟಿಸಿದ್ದಾರೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಸೀಮೆಯ ಜನ ಇದೇ ಮಣ್ಣಿನ ಜೊತೆ ಬದುಕಿದ್ದಾರೆ. ಹಾಗಿದ್ದರೆ ಅವರು ಮನೆಯ ಬುಡವನ್ನು ಕಾಯ್ದುಕೊಂಡದ್ದು ಹೇಗೆ, ನಾವು ಎಲ್ಲಿ ತಪ್ಪುತ್ತಿದ್ದೇವೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಹಿಮದ ನಾಡು, ಎರೆ ನಾಡು

ನಮ್ಮ ಮಕ್ಕಳು ಕೆಲಸಕ್ಕೆಂದು ಹೋಗಿ ನೆಲೆಸಿರುವ ಕೆನಡಾ, ಅಮೆರಿಕದ ಉತ್ತರ ಭಾಗದ ಊರುಗಳಲ್ಲೂ ಮನೆಯ ಬುಡದ್ದೇ ಚಿಂತೆ. ಅಲ್ಲಿ ಬಹುತೇಕ ಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಚಳಿಗಾಲದಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ, ಹೆಪ್ಪುಗಟ್ಟಿದ ಪದರ ಕೆಳಗಿನ ತೇವವನ್ನು ಮೇಲಕ್ಕೆ ಎಳೆದುಕೊಂಡು ದಪ್ಪವಾಗುತ್ತ ಹೋಗುತ್ತದೆ. ಆ ಒತ್ತಡಕ್ಕೆ ಬುನಾದಿ ಮೇಲೇಳುತ್ತದೆ, ನೆಲಮಾಳಿಗೆಯ ಗೋಡೆ ಒಳಕ್ಕೆ ಬಾಗುತ್ತದೆ. ಅದಕ್ಕೇ ಟೊರಾಂಟೊ ಸುತ್ತಮುತ್ತ ಬುನಾದಿಯನ್ನು ಹಿಮ ಮುಟ್ಟದ ಆಳಕ್ಕೆ, ಸುಮಾರು 1.2 ಮೀಟರ್ ಕೆಳಗೆ ಇಳಿಸುತ್ತಾರೆ.

ಹಾವೇರಿ ಜಿಲ್ಲೆಯಲ್ಲಿ ಹಿಮ ಬೀಳುವುದಿಲ್ಲ. ಆದರೆ ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ಎರೆ ಮಣ್ಣು ಮತ್ತು ಉಪ್ಪು ಸೇರಿ ಮಾಡುತ್ತವೆ. ಹಿಮ ಮನೆಯನ್ನು ಎತ್ತಬೇಕಾದರೆ ಮೂರು ಕೂಡಬೇಕು: ಕೊರೆಯುವ ಚಳಿ, ನುಣುಪಾದ ಮಣ್ಣು, ನೀರು. ಎರೆ ನೆಲ ಮನೆಯನ್ನು ಎತ್ತಬೇಕಾದರೂ ಮೂರು ಬೇಕು: ಉಬ್ಬುವ ಜೇಡಿ, ಮಳೆ-ಬಿಸಿಲಿನ ಸರದಿ, ನೀರು. ಋತುಮಾನವನ್ನು ಯಾರೂ ತಡೆಯಲಾರರು. ಊರ ಕೆಳಗಿನ ಮಣ್ಣನ್ನು ಯಾರೂ ತೆಗೆದು ಹಾಕಲಾರರು. ಎರಡೂ ಕಡೆ ಮನುಷ್ಯನ ಕೈಯಲ್ಲಿ ಉಳಿಯುವುದು ನೀರು ಒಂದೇ. ಅದನ್ನು ಗೋಡೆಯಿಂದ ದೂರ ತಿರುಗಿಸಿದವನ ಮನೆ ಉಳಿಯುತ್ತದೆ. ಹಳೆಯ ಮನೆಯ ರಿಪೇರಿಯ ಬಗ್ಗೆ ಹೇಳಬೇಕಾದ ಮೊದಲ ಮಾತು ಇದು. ಮಿಕ್ಕದ್ದೆಲ್ಲ ಇದರಿಂದಲೇ ಹೊರಡುತ್ತದೆ.

ನೆಲದೊಳಗೆ ನಡೆಯುವುದೇನು?

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿದೆ. ಕಣ್ಣಿಗೆ ಕಾಣದಷ್ಟು ತೆಳು ಹಾಳೆಗಳನ್ನು ಪೇರಿಸಿದಂತೆ ಅದರ ರಚನೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಅವು ದೂರ ಸರಿಯುತ್ತವೆ. ಒಣಗಿದರೆ ಹತ್ತಿರ ಬರುತ್ತವೆ. ಈ ಏರಿಳಿತ ಮೇಲಿನ ಸುಮಾರು ಮೂರು, ಮೂರೂವರೆ ಮೀಟರ್ ಆಳದವರೆಗೆ ನಡೆಯುತ್ತದೆ. ಅದರ ಕೆಳಗೆ ವರ್ಷವಿಡೀ ತೇವ ಹೆಚ್ಚುಕಡಿಮೆ ಒಂದೇ ಸಮ ಇರುವುದರಿಂದ ಮಣ್ಣು ಅಲುಗುವುದಿಲ್ಲ.

ಇಡೀ ಮನೆ ಒಂದೇ ಅಳತೆಯಲ್ಲಿ ಏರಿ ಇಳಿದರೆ ಗೋಡೆಗೆ ಅಷ್ಟು ಅಪಾಯವಿಲ್ಲ. ಅಪಾಯ ಇರುವುದು ಹೆಚ್ಚುಕಡಿಮೆಯಲ್ಲಿ. ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಮಳೆಯೂ ಬಿಸಿಲೂ ತಾಗುವುದಿಲ್ಲ. ಅಂಚಿನ ಗೋಡೆಯ ಬುಡಕ್ಕೆ ಎರಡೂ ತಾಗುತ್ತವೆ. ಬಚ್ಚಲ ನೀರು ನಿಲ್ಲುವ ಮೂಲೆ ಸದಾ ಉಬ್ಬಿರುತ್ತದೆ. ಗೋಡೆಗೆ ಹತ್ತಿರದ ಬೇವಿನ ಮರವೋ ಅರಳಿಯೋ ಬೇರಿನಿಂದ ನೀರು ಹೀರುವ ಮೂಲೆ ಕುಸಿಯುತ್ತದೆ. ಇನ್ನೊಂದು ಸಂಗತಿ: ಉಬ್ಬುವ ಮಣ್ಣಿನ ಒತ್ತಡಕ್ಕೆ ಭಾರವಾದ ಕಟ್ಟಡಕ್ಕಿಂತ ಹಗುರ ಕಟ್ಟಡವೇ ಬೇಗ ಸೋಲುತ್ತದೆ. ಒಂದೇ ಅಂತಸ್ತಿನ ಬಡವರ ಮನೆಗೆ ಹೆಚ್ಚು ಬಿರುಕು ಬರುವುದಕ್ಕೆ ಇದೂ ಒಂದು ಕಾರಣ.

ದೇಶದ ಎಂಜಿನಿಯರುಗಳು ಈ ಮಣ್ಣಿನ ಜೊತೆ ದಶಕಗಳ ಕಾಲ ಗುದ್ದಾಡಿದ್ದಾರೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಎಂಬ ಕಾಂಕ್ರೀಟ್ ಕಂಬ ಇಂದು ದೇಶದೆಲ್ಲೆಡೆ ಬಳಕೆಯಲ್ಲಿದೆ. ಇದರ ತಳದಲ್ಲಿ ಗೆಡ್ಡೆಯ ಹಾಗೆ ಉಬ್ಬಿದ ಭಾಗವಿರುತ್ತದೆ. ಅಲುಗುವ ಪದರವನ್ನು ದಾಟಿ ಸುಮಾರು ಮೂರೂವರೆ ಮೀಟರ್ ಕೆಳಗಿನ ಸ್ಥಿರ ಮಣ್ಣಿನಲ್ಲಿ ಅದು ಬಿಗಿಯಾಗಿ ಕೂರುತ್ತದೆ. ಮೇಲಿನ ಮಣ್ಣು ಎಷ್ಟೇ ಉಬ್ಬಲಿ, ಕಂಬ ಜಗ್ಗುವುದಿಲ್ಲ. ಮಲಪ್ರಭಾ ಕಾಲುವೆಗಳ ಕಲ್ಲುಹಾಸು ಎರೆ ನೆಲದಲ್ಲಿ ಒಡೆಯತೊಡಗಿದಾಗ ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಇನ್ನೊಂದು ದಾರಿ ತೋರಿಸಿದರು: ಎರೆಯ ಮೇಲೆ ಉಬ್ಬದ, ಆದರೆ ಅಂಟು ಗುಣವಿರುವ ಗರಸು ಮಣ್ಣಿನ ದಪ್ಪ ಪದರವನ್ನು ದಮ್ಮಸು ಮಾಡಿ ಹಾಸಿದರೆ, ಕೆಳಗಿನ ಎರೆಯ ಏರಿಳಿತ ಮೇಲಕ್ಕೆ ಬರುವುದು ಬಹಳಷ್ಟು ತಗ್ಗುತ್ತದೆ. ಇಂದು ಎರೆ ನೆಲದ ಕಾಲುವೆಗಳಿಗೆ ಭಾರತೀಯ ಮಾನಕ ಬ್ಯೂರೋದ ಮಾರ್ಗಸೂಚಿಯಲ್ಲೇ ಈ ವಿಧಾನ ಸೇರಿದೆ. ಹೊಸ ಮನೆ ಕಟ್ಟುವವರು ಇವೆರಡನ್ನೂ ಕೇಳಿ ತಿಳಿದುಕೊಳ್ಳಬೇಕು. ಆದರೆ ಆಗಲೇ ನಿಂತಿರುವ ಹಳೆಯ ಮನೆಗೆ ಬೇರೆಯೇ ಆರೈಕೆ ಬೇಕು.

ಹಳಬರು ಕಟ್ಟಿದ ಕಟ್ಟೆ

ಹಾನಗಲ್ ಕಡೆಗೆ ಹೋದರೆ ಅರೆಮಲೆನಾಡು. ಭತ್ತದ ಗದ್ದೆ, ಇಳಿಜಾರು ಹಂಚಿನ ಮಾಡು. ಸವಣೂರಿನತ್ತ ಬಂದಂತೆ ಬಯಲು. ಎರೆ, ಮಸಾರಿ ಹೊಲಗಳು, ಮಣ್ಣಿನ ಮಾಳಿಗೆಯ ಮನೆಗಳು. ಈ ಮಾಳಿಗೆ ಮನೆಗಳ ಬುಡವನ್ನು ಗಮನವಿಟ್ಟು ನೋಡಬೇಕು. ಬೀದಿಯಿಂದ ಎರಡು ಮೂರು ಅಡಿ ಎತ್ತರಕ್ಕೆ ಗಟ್ಟಿ ಬಂಡೆಗಲ್ಲಿನ ಕಟ್ಟೆ, ಅದರ ಮೇಲೆ ಮಣ್ಣಿನ ಗೋಡೆ. ಈ ಕಲ್ಲು ನೀರು ಹೀರುವುದು ತೀರ ಕಡಿಮೆ. ಮಣ್ಣಿನ ಗೋಡೆಯಾದರೋ ದೀಪದ ಬತ್ತಿ ಎಣ್ಣೆ ಹೀರುವಂತೆ ನೆಲದ ತೇವವನ್ನು ಮೇಲಕ್ಕೆ ಎಳೆಯುತ್ತದೆ. ನಡುವೆ ಕಲ್ಲಿನ ಕಟ್ಟೆ ಬಂದದ್ದರಿಂದ ತೇವ ಗೋಡೆಯವರೆಗೆ ಏರುತ್ತಿರಲಿಲ್ಲ.

ಕೆಲವು ಮನೆಗಳಲ್ಲಿ ಮಾಳಿಗೆಯ ಭಾರ ಗೋಡೆಯ ಮೇಲೆ ಇಲ್ಲವೇ ಇಲ್ಲ. ಕಂಬ, ಬೋದಿಗೆ, ತೊಲೆ, ಜಂತಿಗಳ ಮರದ ಚೌಕಟ್ಟೇ ಅದನ್ನು ಹೊತ್ತಿರುತ್ತದೆ. ನೆಲ ಅಲುಗಿದಾಗ ಮರದ ಕೂಡುಗಳು ಒಂದಿಷ್ಟು ಸಡಿಲುಗೊಂಡು ಹೊಂದಿಕೊಳ್ಳುತ್ತವೆ. ಗೋಡೆಗೆ ಬಳಸಿದ ಮಣ್ಣು, ಗಚ್ಚು ಕೂಡ ಮೆದು; ಸಣ್ಣ ಅಲುಗಾಟವನ್ನು ತಾಳಿಕೊಳ್ಳುತ್ತಿದ್ದವು. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕಿ ತುಳಿದು, ಕುಂಬಿ ಸರಿಮಾಡಿ, ನೀರು ಗೋಡೆಯಿಂದ ದೂರ ಬೀಳುವಂತೆ ಹರನಾಳಿಗೆಯನ್ನು ಹೊರಕ್ಕೆ ಚಾಚಿ ಇಡುತ್ತಿದ್ದರು. ಮನೆ ಎಂದರೆ ಕಟ್ಟಿ ಮರೆಯುವ ವಸ್ತುವಾಗಿರಲಿಲ್ಲ. ಹೊಲದ ಹಾಗೆ ಅದಕ್ಕೂ ವರ್ಷಕ್ಕೊಮ್ಮೆ ಆರೈಕೆ ನಡೆಯುತ್ತಿತ್ತು.

ಬದಲಾದದ್ದು ಸುತ್ತಲಿನ ಊರು. ಓಣಿಗೆ ಕಾಂಕ್ರೀಟ್ ರಸ್ತೆ ಬಂತು. ಹಳೆಯದನ್ನು ಕೀಳದೆ ಅದರ ಮೇಲೇ ಇನ್ನೊಂದು ಪದರ ಹಾಕಿದ್ದರಿಂದ ಬೀದಿ ಏರುತ್ತ ಹೋಯಿತು, ಮೂರು ಅಡಿಯ ಕಟ್ಟೆ ಅರ್ಧ ಮುಳುಗಿತು. ಮಣ್ಣಿನ ಗೋಡೆ ಈಗ ಬೀದಿಯ ಮಟ್ಟಕ್ಕೆ ಹತ್ತಿರವಾಗಿದೆ, ಓಣಿಯ ಮಳೆನೀರು ಮನೆಯತ್ತ ತಿರುಗುತ್ತಿದೆ. ಮನೆಯೊಳಗೆ ನಲ್ಲಿ ಬಂತು. ಅದು ಬೇಕಾದದ್ದೇ, ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡ ಇಳಿಯಿತು. ಆದರೆ ಕೊಡದಲ್ಲಿ ಬರುತ್ತಿದ್ದ ನೀರಿಗೆ ಮಾಡಿದ ಬಚ್ಚಲಿಗೆ ನಲ್ಲಿಯ ನೀರು ತಡೆಯಲಾಗಲಿಲ್ಲ. ಬಳಸಿದ ನೀರು ಹೋಗಲು ಸರಿಯಾದ ಗಟಾರವಿಲ್ಲದೆ ಗೋಡೆಯ ಬುಡದಲ್ಲೇ ಇಂಗುತ್ತಿದೆ. ಕೊನೆಗೆ ಸಿಮೆಂಟ್ ಬಂತು. ಮಣ್ಣಿನ ಗೋಡೆಗೆ ಗಟ್ಟಿ ಸಿಮೆಂಟ್ ಗಿಲಾವು ಹೊಡೆದರು. ತೇವ ಹೊರಹೋಗುವ ದಾರಿ ಮುಚ್ಚಿತು. ಒಳಗೊಳಗೇ ನೆನೆದ ಮಣ್ಣು ಬಲ ಕಳೆದುಕೊಂಡಿತು; ಹೊರಗಿನ ಗಿಲಾವು ಮಾತ್ರ ಗಟ್ಟಿಮುಟ್ಟಾಗಿ ಕಾಣುತ್ತ ನಿಂತಿತು. ಇಂಥ ಗೋಡೆ ಮುನ್ಸೂಚನೆ ಕೊಡದೆ ಬೀಳುತ್ತದೆ. ಹಳೆಯ ಮನೆಗೆ ಮಾಡುವ ಅತಿ ದೊಡ್ಡ ಅನ್ಯಾಯ ಇದು, ಅದೂ ಒಳ್ಳೆಯದನ್ನೇ ಮಾಡುತ್ತಿದ್ದೇವೆಂಬ ನಂಬಿಕೆಯಿಂದ ಆಗುವಂಥದ್ದು.

ಬಿಳಿ ಉಪ್ಪಿನ ಕಾಟ

ತೇವ ಒಂಟಿಯಾಗಿ ಬರುವುದಿಲ್ಲ, ಉಪ್ಪನ್ನು ಹೊತ್ತು ತರುತ್ತದೆ. ಸವಳು ಮಣ್ಣಿನಿಂದ ಸಲ್ಫೇಟು, ಬೋರ್‌ವೆಲ್‌ನ ಗಡಸು ನೀರಿನಿಂದ ಕ್ಲೋರೈಡು, ಮನೆಯ ಮುಂಭಾಗದಲ್ಲಿ ತಲೆಮಾರುಗಳ ಕಾಲ ದನ ಕಟ್ಟಿದ ಜಾಗದಿಂದ ನೈಟ್ರೇಟು. ಗೋಡೆಯ ಮೈಯಿಂದ ನೀರು ಆವಿಯಾದಾಗ ಉಪ್ಪು ಅಲ್ಲೇ ಹರಳುಗಟ್ಟುತ್ತದೆ. ಹೊರಗೆ ಬಿಳಿ ಹಿಟ್ಟಿನಂತೆ ಕಂಡರೆ ತೊಂದರೆ ಅಷ್ಟಿಲ್ಲ, ಗುಡಿಸಿ ಹಾಕಬಹುದು. ಗಿಲಾವಿನ ಹಿಂದೆ, ಇಟ್ಟಿಗೆಯ ಸಣ್ಣ ರಂಧ್ರಗಳೊಳಗೆ ಹರಳಾದರೆ ಅದು ಒಳಗಿನಿಂದಲೇ ಒಡೆಯುತ್ತದೆ. ನೆಲದಿಂದ ಸೊಂಟದ ಎತ್ತರದವರೆಗೆ ಗಿಲಾವು ಹೊಪ್ಪಳೆ ಎದ್ದು ಉದುರುವುದು, ಇಟ್ಟಿಗೆ ಪುಡಿಯಾಗುವುದು ಈ ಕಾರಣಕ್ಕೆ.

ಉಪ್ಪು ಮತ್ತು ಹಿಮದ ನಂಟು ಬರಿ ಹೋಲಿಕೆಗೆ ಹೇಳಿದ್ದಲ್ಲ. 19ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಬ್ರಾರ್ ಎಂಬ ವಿಜ್ಞಾನಿ, ಕಟ್ಟಡದ ಕಲ್ಲು ಹಿಮವನ್ನು ತಾಳುತ್ತದೋ ಇಲ್ಲವೋ ಎಂದು ತಿಳಿಯಲು ಚಳಿಗಾಲಕ್ಕೆ ಕಾಯದ ಉಪಾಯವೊಂದನ್ನು ಕಂಡುಹಿಡಿದ. ಕಲ್ಲನ್ನು ಸೋಡಿಯಂ ಸಲ್ಫೇಟಿನ ದ್ರಾವಣದಲ್ಲಿ ನೆನೆಸಿ ಒಣಗಿಸುವುದು, ಮತ್ತೆ ನೆನೆಸುವುದು. ಹರಳುಗಟ್ಟುವ ಉಪ್ಪು ಹಿಮದಂತೆಯೇ ಕಲ್ಲನ್ನು ಒಡೆಯುತ್ತಿತ್ತು. ಈ ಪರೀಕ್ಷೆಯ ವಿವರ 1828ರಲ್ಲಿ ಪ್ರಕಟವಾಯಿತು. ಇಂದಿಗೂ ಕಾಂಕ್ರೀಟಿಗೆ ಹಾಕುವ ಖಡಿಯ ಬಾಳಿಕೆಯನ್ನು ನಮ್ಮ ಪ್ರಯೋಗಾಲಯಗಳು ಪರೀಕ್ಷಿಸುವುದು ಇದೇ ಬಗೆಯ ಉಪ್ಪಿನ ದ್ರಾವಣದಲ್ಲಿ. ಒಣ ಸೋಡಿಯಂ ಸಲ್ಫೇಟು ನೀರು ಕುಡಿದು ಮತ್ತೆ ಹರಳಾದಾಗ ಅದರ ಗಾತ್ರ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಹೆಪ್ಪುಗಟ್ಟುವ ನೀರಿನದು ಶೇ 9 ಮಾತ್ರ. ಹಿಮ ಬೀಳದ ಊರಿನ ಗೋಡೆಯೂ ಹಿಮದ ಪೆಟ್ಟನ್ನೇ ತಿನ್ನುತ್ತಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಕೈಹಚ್ಚುವ ಮೊದಲು ಒಂದು ವರ್ಷ ನೋಡಿ

ಬಿರುಕು ಕಂಡ ಕೂಡಲೇ ಗೌಂಡಿಯನ್ನು ಕರೆಯುವುದು ಸಹಜ. ಆದರೆ ಗೋಡೆ ತಕ್ಷಣ ಬೀಳುವ ಸ್ಥಿತಿಯಲ್ಲಿ ಇಲ್ಲದಿದ್ದರೆ ಮೊದಲು ಬಿರುಕನ್ನು ಓದಬೇಕು. ಬಿರುಕಿನ ಅಡ್ಡಕ್ಕೆ ಸಣ್ಣ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಗಟ್ಟಿಯಾಗಿ ಅಂಟಿಸಿ ಪಕ್ಕದಲ್ಲಿ ದಿನಾಂಕ ಬರೆಯಬೇಕು. ಗಾಜು ಒಡೆದರೆ ಬಿರುಕು ಇನ್ನೂ ಜೀವಂತವಾಗಿದೆ ಎಂದರ್ಥ. ಪೆನ್ಸಿಲಿನಿಂದ ಎರಡು ಗುರುತು ಮಾಡಿ ತಿಂಗಳಿಗೊಮ್ಮೆ ನಡುವಿನ ಅಂತರ ಅಳೆದಿಟ್ಟರೂ ಸಾಕು. ಮುಂಗಾರಿನಲ್ಲಿ ಮುಚ್ಚಿ ಬೇಸಿಗೆಯಲ್ಲಿ ತೆರೆಯುವ ಬಿರುಕು ಎರೆಯ ಏರಿಳಿತದ್ದು. ಋತು ಬದಲಾದರೂ ಒಂದೇ ದಿಕ್ಕಿನಲ್ಲಿ ಬೆಳೆಯುತ್ತಿದ್ದರೆ ಬುನಾದಿ ಕುಸಿಯುತ್ತಿದೆ ಅಥವಾ ಕೆಳಗೆಲ್ಲೋ ನೀರು ಸೋರುತ್ತಿದೆ. ವರ್ಷವಿಡೀ ಅಲುಗದಿದ್ದರೆ ಅದು ಹಳೆಯ ಗಾಯ, ಮುಚ್ಚಿಬಿಡಬಹುದು.

ಜೊತೆಗೆ ಜೋರು ಮಳೆ ಬರುವಾಗ ಮನೆಯ ಸುತ್ತ ಒಂದು ಸುತ್ತು ಬನ್ನಿ. ಮಾಳಿಗೆಯ ನೀರು ಎಲ್ಲಿ ಬೀಳುತ್ತದೆ, ಬೀದಿಯ ನೀರು ಯಾವ ಕಡೆಯಿಂದ ಬರುತ್ತದೆ, ಮಳೆ ನಿಂತ ಅರ್ಧ ಗಂಟೆಯ ನಂತರವೂ ಎಲ್ಲಿ ನಿಂತಿರುತ್ತದೆ ಎಂದು ನೋಡಿ. ಇದಕ್ಕೆ ಎಂಜಿನಿಯರ್ ಬೇಕಿಲ್ಲ. ಮನೆಯ ಹಿರಿಯರಿಗೆ, ಅಡುಗೆಮನೆ ಬಚ್ಚಲು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ ಇದರ ಬಹುಪಾಲು ಆಗಲೇ ಗೊತ್ತಿರುತ್ತದೆ. ಅವರನ್ನು ಕೇಳಬೇಕು ಅಷ್ಟೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ, ತೊಲೆಯ ತುದಿ ಗೋಡೆಯಿಂದ ಜಾರಿದ್ದರೆ, ಬಿರುಕಿನಲ್ಲಿ ಬೆರಳು ಹೋಗುವಂತಿದ್ದರೆ ಮಾತ್ರ ಕಾಯಬಾರದು. ಆ ಕೋಣೆಯಿಂದ ಅಂದೇ ಹೊರಬಂದು, ತೊಲೆಗೆ ಆಸರೆ ಕಂಬ ಕೊಟ್ಟು, ತಿಳಿದವರನ್ನು ಕರೆಯಬೇಕು.

ರಿಪೇರಿಯ ಕ್ರಮ

ಕ್ರಮ ತಪ್ಪಿದರೆ ಖರ್ಚು ಮಾಡಿದ್ದೆಲ್ಲ ವ್ಯರ್ಥ. ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ಒಳಕ್ಕೆ ಬರಬೇಕು.

ಮೊದಲು ಮಾಳಿಗೆ. ಸೋರುವುದನ್ನು ನಿಲ್ಲಿಸಿ, ಹರನಾಳಿಗೆಯ ನೀರನ್ನು ಪೈಪಿನಲ್ಲಿ ಇಳಿಸಿ ಗಟಾರಕ್ಕೆ ಸೇರಿಸಬೇಕು. ಎತ್ತರದಿಂದ ಒಂದೇ ಕಡೆ ಬೀಳುವ ನೀರು ಬುನಾದಿಯ ಪಕ್ಕದಲ್ಲಿ ಗುಂಡಿಯನ್ನೇ ತೋಡುತ್ತದೆ. ಆಮೇಲೆ ಬಚ್ಚಲು. ಅದರ ನೆಲ, ಗೋಡೆಯ ಸಂದು, ಹೊರಗಿನ ಕೊಳವೆ ಮೂರನ್ನೂ ಭದ್ರಪಡಿಸಿ, ನೀರು ಕನಿಷ್ಠ ಹತ್ತು ಹನ್ನೆರಡು ಅಡಿ ದೂರ ಹೋಗುವಂತೆ ಮಾಡಬೇಕು. ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದರೆ ಸಾಕು, ಬಿರುಕಿನ ಓಟ ನಿಲ್ಲುತ್ತದೆ.

ಮೂರನೆಯದು ಮನೆಯ ಸುತ್ತ ಪಟ್ಟಿ. ಗೋಡೆಯಿಂದ ಸುಮಾರು ಆರು ಅಡಿ ಅಗಲಕ್ಕೆ ಎರೆ ಮಣ್ಣನ್ನು ಒಂದೆರಡು ಅಡಿ ತೆಗೆದು, ಅಲ್ಲಿ ಗರಸನ್ನು ಅರ್ಧ ಅಡಿಯಷ್ಟೇ ದಪ್ಪದ ಪದರಗಳಲ್ಲಿ ಹಾಕಿ ಪ್ರತಿ ಪದರವನ್ನೂ ದಮ್ಮಸು ಮಾಡಬೇಕು. ಮೇಲೆ ಹೊರಮುಖವಾಗಿ ಇಳಿಜಾರಾದ ಕಲ್ಲುಚಪ್ಪಡಿ ಅಥವಾ ಕಾಂಕ್ರೀಟು. ಮೂರು ಅಡಿಗೆ ಒಂದೂವರೆ ಇಂಚಾದರೂ ಇಳಿಜಾರು ಇರಲಿ. ಪಟ್ಟಿಯನ್ನು ಗೋಡೆಗೆ ಬೆಸೆಯಬಾರದು. ನಡುವಿನ ಸಂದಿಗೆ ಡಾಂಬರು ತುಂಬಿದರೆ ಎರಡೂ ತಮ್ಮ ಪಾಡಿಗೆ ಅಲುಗಬಹುದು. ಗರಸಿನ ಬದಲು ಬರಿಯ ಉಸುಕು ತುಂಬುವುದು ಹಲವು ಕಡೆ ರೂಢಿ. ನೀರು ಹೊರಹೋಗಲು ದಾರಿಯಿಲ್ಲದ ಉಸುಕಿನ ಕಂದಕ ಬುನಾದಿಯ ಪಕ್ಕದಲ್ಲೇ ಕೆರೆ ಕಟ್ಟಿದಂತಾಗುತ್ತದೆ, ಅದು ಬೇಡ. ಪಟ್ಟಿ ಬಂದ ಮೇಲೆ ಅಂಚಿನ ಮಣ್ಣೂ ನಡುಭಾಗದಂತೆ ವರ್ಷವಿಡೀ ಒಂದೇ ತೇವದಲ್ಲಿ ಇರತೊಡಗುತ್ತದೆ. ಗೋಡೆಗೆ ಅಂಟಿಕೊಂಡು ಮರ, ಬಳ್ಳಿ ನೆಡುವುದನ್ನೂ ಬಿಡಬೇಕು. ಆದರೆ ದೊಡ್ಡ ಮರವನ್ನು ಒಮ್ಮೆಲೇ ಕಡಿಯಬಾರದು. ಅದು ಹೀರುತ್ತಿದ್ದ ನೀರೆಲ್ಲ ಮಣ್ಣಿನಲ್ಲೇ ಉಳಿದು ನೆಲ ಮತ್ತಷ್ಟು ಉಬ್ಬುತ್ತದೆ. ರೆಂಬೆ ಸವರುತ್ತ ನಿಧಾನಕ್ಕೆ ಚಿಕ್ಕದು ಮಾಡುವುದು ಒಳ್ಳೆಯದು.

ಇಷ್ಟಾದರೂ ಬುನಾದಿ ಕುಸಿಯುತ್ತಿದ್ದರೆ ಮಾತ್ರ ಪಾಯಾಕ್ಕೆ ಕೆಳಗಿನಿಂದ ಆಸರೆ ಕಟ್ಟುವ ಕೆಲಸ. ಇಡೀ ಗೋಡೆಯ ಬುಡವನ್ನು ಒಮ್ಮೆಲೇ ತೋಡಿದರೆ ಗೋಡೆಯೇ ಬೀಳುತ್ತದೆ. ಮೂರು ನಾಲ್ಕು ಅಡಿಯ ತುಂಡುಗಳಾಗಿ ಗುರುತಿಸಿಕೊಂಡು, ಮೊದಲು ಒಂದು, ನಾಲ್ಕು, ಏಳನೆಯ ತುಂಡು. ಅವು ಗಟ್ಟಿಯಾದ ಮೇಲೆ ಎರಡು, ಐದು, ಎಂಟು. ಹೀಗೆ ಬಿಟ್ಟು ಬಿಟ್ಟು ತೋಡಿ ಕಟ್ಟಬೇಕು. ಇದನ್ನು ಅನುಭವಿ ಎಂಜಿನಿಯರ್ ಎದುರಿಗಿಲ್ಲದೆ ಯಾರೂ ಮಾಡಬಾರದು. ಮಾಡುವಾಗ ಮಾಳಿಗೆಯ ತೊಲೆಗಳಿಗೆ ಆಸರೆ ಕಂಬ ಇರಲೇಬೇಕು.

ಕೊನೆಗೆ ಗೋಡೆಯ ಮೈ. ಸಿಮೆಂಟ್ ಗಿಲಾವನ್ನು ಎಬ್ಬಿಸಿ ತೆಗೆದು ಗೋಡೆಯನ್ನು ಒಣಗಲು ಬಿಡಬೇಕು. ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು. ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಎತ್ತಿ ಹೊರಗೆ ಹಾಕಬೇಕು. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಕಲ್ಲಿನ ಕಟ್ಟೆಯ ಸಂದುಗಳಿಗೆ ಸುಣ್ಣ, ಉಸುಕು, ಸುರ್ಕಿ ಕೂಡಿದ ಗಚ್ಚು ತುಂಬಬೇಕು. ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿ ಬೆರೆತ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತದೆ. ಮಣ್ಣಿನ ಗೋಡೆಗೆ ಹೊಟ್ಟು ಬೆರೆಸಿ ಕೊಳೆಸಿದ ಮಣ್ಣಿನದೇ ಮೆತ್ತುಗೆ, ಮೇಲೆ ಸುಣ್ಣ. ಮೊದಲ ಸಲದ ಗಿಲಾವು ಉಪ್ಪನ್ನು ಹೀರಿಕೊಂಡು ಎರಡು ಮೂರು ವರ್ಷದಲ್ಲಿ ಉದುರಬಹುದು. ಅದನ್ನು ಸೋಲೆಂದು ತಿಳಿಯಬಾರದು. ಗೋಡೆಯ ಉಪ್ಪನ್ನು ತಾನು ತೆಗೆದುಕೊಂಡು ಹೋಗುವುದೇ ಅದರ ಕೆಲಸ. ಕಲಸಲು, ಕ್ಯೂರಿಂಗ್ ಮಾಡಲು ಗಡಸು ಬೋರ್‌ವೆಲ್ ನೀರು ಬೇಡ, ಸಿಹಿನೀರು ಬಳಸಿ. ಸುಣ್ಣದ ಕೆಲಸವನ್ನು ಸಂಕ್ರಾಂತಿ, ಶಿವರಾತ್ರಿ ನಡುವೆ, ಬಿಸಿಲು ಉರಿಯುವ ಮೊದಲು ಮುಗಿಸಿದರೆ ಒಳಿತು.

ಗೋಡೆಯ ಒಂದು ಭಾಗವನ್ನು ಹೊಸದಾಗಿ ಕಟ್ಟಬೇಕಾಗಿ ಬಂದರೆ ನಮ್ಮದೇ ರಾಜ್ಯದ ಒಂದು ದೊಡ್ಡ ಅನುಭವ ನೆರವಿಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಒತ್ತು ಇಟ್ಟಿಗೆಯನ್ನು ವೈಜ್ಞಾನಿಕವಾಗಿ ಬೆಳೆಸಿದರು. ಉಸುಕು ಹೆಚ್ಚಿರುವ ಕೆಂಪು ಮಣ್ಣಿಗೆ ತುಸು ಸಿಮೆಂಟ್ ಸೇರಿಸಿ ಒತ್ತಿದ ಇಟ್ಟಿಗೆಗೆ ಸುಡುವ ಅಗತ್ಯವಿಲ್ಲ. ಎರೆಯಂಥ ಉಬ್ಬುವ ಮಣ್ಣಿಗೆ ಸಿಮೆಂಟಿಗಿಂತ ಸುಣ್ಣವೇ ಹೊಂದುತ್ತದೆ. ಮಣ್ಣಿನ ಮನೆ ಬಡತನದ ಗುರುತು ಎಂಬ ಕೀಳರಿಮೆಯನ್ನು ಕಳೆಯಲು ಇಂಥ ಅಧ್ಯಯನಗಳ ಫಲ ಓಣಿಯ ಗೌಂಡಿಯವರೆಗೆ ತಲುಪಬೇಕಿದೆ.

ನೆಲದಡಿಯ ಹಗೇವು

ಈ ಸೀಮೆಯ ಹಳೆಯ ಮನೆಗಳಿಗೆ ನೆಲಮಾಳಿಗೆ ಇಲ್ಲ, ಹಗೇವು ಇದೆ. ಕಿರಿದಾದ ಬಾಯಿ, ಅಗಲವಾದ ಹೊಟ್ಟೆ, ಆಳೆತ್ತರಕ್ಕೂ ಮಿಗಿಲಾದ ಆಳ. ಒಳಗೆ ಕಣಕಿ, ಹುಲ್ಲು ಹೊದಿಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಕಾಳು ಉಸಿರಾಡುತ್ತ ಒಳಗಿನ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುವುದರಿಂದ ಹುಳು ಬದುಕುತ್ತಿರಲಿಲ್ಲ. ಬರಗಾಲದಲ್ಲಿ ಊರನ್ನು ಬದುಕಿಸಿದ ಕಣಜಗಳಿವು. ನೀರು ಒಸರದ ಗಟ್ಟಿ ಗರಸು ನೆಲ ಹುಡುಕಿ ಇವನ್ನು ತೋಡುತ್ತಿದ್ದುದರಲ್ಲೇ ಹಳಬರ ಮಣ್ಣಿನ ಜ್ಞಾನ ಕಾಣುತ್ತದೆ.

ಇಂದು ಬಹಳಷ್ಟು ಹಗೇವುಗಳು ಬಳಕೆ ತಪ್ಪಿ, ಬಾಯಿ ಮುಚ್ಚಿ, ಎಲ್ಲಿವೆ ಎಂಬುದೂ ಮರೆತುಹೋಗಿವೆ. ಬುನಾದಿಯ ಪಕ್ಕದಲ್ಲೇ ಹೀಗೊಂದು ಟೊಳ್ಳು ಇದ್ದು, ಬೀದಿಯ ನೀರು ಅಲ್ಲಿಗೆ ಇಳಿಯುತ್ತಿದ್ದರೆ ಮೇಲಿನ ಗೋಡೆಗೆ ಆಪತ್ತು. ಮನೆ ರಿಪೇರಿಗೆ ಹೊರಟವರು ಹಿರಿಯರನ್ನು ಕೇಳಿ ಹಗೇವಿನ ಜಾಗ ಗುರುತಿಸಬೇಕು. ತೆರೆದ ಕೂಡಲೇ ಯಾರೂ ಇಳಿಯಬಾರದು. ಒಳಗಿನ ಕೆಟ್ಟ ಗಾಳಿ ಕ್ಷಣದಲ್ಲಿ ಉಸಿರು ನಿಲ್ಲಿಸುತ್ತದೆ, ರಕ್ಷಿಸಲು ಇಳಿದವರನ್ನೂ ಬಿಡುವುದಿಲ್ಲ. ಬಾಯಿ ತೆರೆದಿಟ್ಟು, ಫ್ಯಾನಿನಿಂದ ಗಾಳಿ ಆಡಿಸಿ, ಹಗ್ಗದಲ್ಲಿ ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಇಳಿಯುವಂತಿಲ್ಲ. ಉರಿದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತು, ಆಮೇಲೆ ಇಳಿಯಬೇಕು. ಒಣಗಿದ್ದು ಗಟ್ಟಿಯಿದ್ದರೆ ಬಾಯಿಯ ಸುತ್ತ ಎತ್ತರದ ಕಟ್ಟೆ ಕಟ್ಟಿ ಉಳಿಸಿಕೊಳ್ಳಿ. ನೀರು ಒಸರುತ್ತಿದ್ದರೆ ಕಸ, ಬೂದಿ ತುಂಬದೆ ಗರಸನ್ನೇ ಪದರ ಪದರವಾಗಿ ದಮ್ಮಸು ಮಾಡಿ ಪೂರ್ತಿ ಮುಚ್ಚಿ.

ಬೀಳುವ ಮೊದಲೇ

ಇದೆಲ್ಲ ಹಳೆಯ ಮನೆಯ ಮೇಲಿನ ಮೋಹದ ಮಾತಲ್ಲ. 2024ರ ಜುಲೈನಲ್ಲಿ ಸವಣೂರು ತಾಲ್ಲೂಕಿನ ಮಾದಾಪುರದಲ್ಲಿ ಮಳೆಗೆ ನೆನೆದ ಮನೆ ಕುಸಿದು ಒಬ್ಬ ತಾಯಿ ಮತ್ತು ಇಬ್ಬರು ಹಸುಗೂಸುಗಳು ತೀರಿಕೊಂಡರು. 2019ರ ಆಗಸ್ಟಿನಲ್ಲಿ ವರದಾ ನದಿ ಉಕ್ಕಿದಾಗ ಜಿಲ್ಲೆಯಲ್ಲಿ ನೆನೆದು ನೆಲಕಂಡ ಮನೆಗಳೂ, ಬಿದ್ದ ಗೋಡೆಗಳೂ ಅಪಾರ. ಅಂದು ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ಅದು ಸರಿಯಾದ ಕ್ರಮವೇ. ಆದರೆ ನಮ್ಮ ವ್ಯವಸ್ಥೆಯ ಕಣ್ಣಿಗೆ ಮನೆ ಕಾಣುವುದು ಅದು ಬಿದ್ದ ಮೇಲೆ. ಒಂದು ಗಟಾರ, ಒಂದು ಪೈಪು, ಗೋಡೆಯ ಸುತ್ತ ಒಂದು ಪಟ್ಟಿಗೆ ತಗಲುವ ಖರ್ಚು ಆ ಪರಿಹಾರದ ಒಂದು ಸಣ್ಣ ಪಾಲು. ಅದಕ್ಕೆ ಕೊಡುವವರಿಲ್ಲ.

ಮಾಡಬಹುದಾದ್ದು ಕಷ್ಟದ್ದೇನಲ್ಲ. ಪ್ರತಿವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಗ್ರಾಮ ಪಂಚಾಯಿತಿಯವರು ಒಬ್ಬ ಎಂಜಿನಿಯರ್, ಒಬ್ಬ ಅನುಭವಿ ಗೌಂಡಿಯ ಜೊತೆ ಓಣಿ ಓಣಿ ತಿರುಗಿ ಹಳೆಯ ಮಣ್ಣಿನ ಮನೆಗಳನ್ನು ನೋಡಲಿ. ಅಪಾಯದ ಗೋಡೆಗಳನ್ನು ಗುರುತಿಸಿ, ಆ ಕುಟುಂಬಗಳಿಗೆ ಮಳೆಗಾಲಕ್ಕೆ ಬೇರೆ ನೆಲೆ ಮಾಡಿಕೊಡಲಿ. ಹೊಸ ಕಾಂಕ್ರೀಟ್ ಹಾಕುವ ಮೊದಲು ಹಳೆಯದನ್ನು ಕಿತ್ತು, ಬೀದಿಯ ಮಟ್ಟ ಮನೆಗಳ ಕಟ್ಟೆಗಿಂತ ಕೆಳಗೇ ಉಳಿಯಬೇಕೆಂಬ ಷರತ್ತು ಗುತ್ತಿಗೆಯಲ್ಲೇ ಇರಲಿ. ಪಕ್ಕದ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಹಾಡು, ಕಥೆ, ಕುಣಿತಗಳಷ್ಟೇ ಜತನದಿಂದ ಗಚ್ಚು ಅರೆಯುವ, ಮಾಳಿಗೆ ಹಾಕುವ, ಹಗೇವು ತೋಡುವ ಕೈಗಳ ವಿದ್ಯೆಯನ್ನೂ ಅದು ದಾಖಲಿಸಲಿ. ಯುವ ಗೌಂಡಿಗಳಿಗೆ ಕಲಿಸುವ ಕೆಲಸಕ್ಕೂ ಕೈಹಾಕಲಿ.

ಮನೆಯವರು ಮಾಡಬೇಕಾದದ್ದಕ್ಕೆ ಯಾವ ಮಂಜೂರಾತಿಯೂ ಬೇಕಿಲ್ಲ. ಈ ಬೇಸಿಗೆಯಲ್ಲಿ ಬಣ್ಣಕ್ಕೆ, ಗಿಲಾವಿಗೆ ಎತ್ತಿಟ್ಟ ದುಡ್ಡನ್ನು ಮೊದಲು ಹರನಾಳಿಗೆಯ ಪೈಪಿಗೆ, ಬಚ್ಚಲ ಗಟಾರಕ್ಕೆ ಹಾಕಿ. ಗೋಡೆಗೆ ಬಣ್ಣ ಮುಂದಿನ ವರ್ಷ ಹಚ್ಚಿದರೂ ನಡೆಯುತ್ತದೆ. ಗೋಡೆಯ ಬುಡದ ನೀರು ಮಾತ್ರ ಮುಂದಿನ ಮಳೆಗಾಲದವರೆಗೆ ಕಾಯುವುದಿಲ್ಲ.